ಕಂಪ್ಯೂಟರಿಗೂ ಬಾಣಂತನ: ಎಸ್‌ಎಂಪಿಎಸ್ ಉಳಿಸಿಕೊಂಡ ನನ್ನ ಅನುಭವ

ನಾಲ್ಕು ಮಳೆಗಾಲ ಕಳೆಯಿತು, ನನ್ನ ಜೆರಾಕ್ಸ್, ಪ್ರಿಂಟಿಂಗ್ ಅಂಗಡಿಯಲ್ಲಿ ಒಂದೇ ಒಂದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಒಳಗಿನ ಪೆಟ್ಟಿಗೆ, ಹೋಗಿಲ್ಲ. ಮಲ್ಪೆಯಲ್ಲಿ, ಕಡಲಿನಿಂದ ಅರ್ಧ ಕಿಲೋಮೀಟರು ದೂರದಲ್ಲಿ ಐದು ಕಂಪ್ಯೂಟರು ಇಟ್ಟುಕೊಂಡವನು ಹೇಳುವ ಮಾತಿದು. ಕಿಟಕಿಯ ಕೊಂಡಿ ಕೂಡ ವರ್ಷದೊಳಗೆ ತುಕ್ಕು ಹಿಡಿಯುವ ಜಾಗ. ಮೊದಲೆಲ್ಲ ವರ್ಷಕ್ಕೆ ಐದಾರು ಹೋಗುತ್ತಿತ್ತು. ಲೋಕಲ್ 450 ವಾಟಿನದ್ದು ಒಂದಕ್ಕೆ ಆರೇಳು ನೂರು ರೂಪಾಯಿ. ದುಡ್ಡು ಹೋಗಲಿ, ಮದುವೆ ಕಾಗದ ಅರ್ಧ ಆಗಿರುವಾಗ ಕಂಪ್ಯೂಟರು ಮಲಗಿದರೆ ಪಾರ್ಟಿಗೆ ಏನು ಹೇಳುವುದು? ಗ್ಯಾರಂಟಿ ಚೀಟಿ ಹಿಡಿದು ಹೋದರೆ, ಒಳಗೆ ತುಕ್ಕು ಉಂಟು, ಆಗುವುದಿಲ್ಲ ಅಂತ ವಾಪಸ್ ಕಳಿಸುತ್ತಿದ್ದರು.

ನಮ್ಮ ಕಡೆ ಸರ್ವಿಸಿಗೆ ಬರುವ ಹುಡುಗ ನಗುತ್ತಿದ್ದ. "ಎಸ್‌ಎಂಪಿಎಸ್ ಬಿಚ್ಚುವ ಕಾಲ ಹೋಯಿತು ಮಾರಾಯ್ರೆ, ಹೊಸದು ಹಾಕಿ ಬಿಸಾಡಿ." ಅವನದ್ದು ತಪ್ಪಲ್ಲ. ಅವನ ಅರ್ಧ ವ್ಯಾಪಾರ ಅದರಲ್ಲೇ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಕರೆಂಟನ್ನೇ ಬೈದೆ. 1,800 ಕೊಟ್ಟು ಸ್ಟೆಬಿಲೈಸರ್ ತಂದೆ. ಪ್ರಯೋಜನ ಸೊನ್ನೆ. ಆಮೇಲೆ ಅರ್ಥಿಂಗ್ ನೋಡಿದೆ. ನಮ್ಮದು ಮುರಕಲ್ಲಿನ ನೆಲ, ಏಪ್ರಿಲಿನಲ್ಲಿ ಒಣಗಿ ಬಂಡೆಯಾಗುತ್ತದೆ. ನ್ಯೂಟ್ರಲಿಗೂ ಅರ್ಥಿಗೂ ನಡುವೆ 18 ವೋಲ್ಟೋ 20 ವೋಲ್ಟೋ ಬರುತ್ತಿತ್ತು. ಗುಂಡಿ ತೆಗೆಸಿ ಇದ್ದಿಲು, ಉಪ್ಪು ತುಂಬಿಸಿ ನೀರು ಹೊಯ್ದೆ. ಎರಡು ವೋಲ್ಟಿಗೆ ಇಳಿಯಿತು. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವುದು ನಿಂತಿತು. ಎಸ್‌ಎಂಪಿಎಸ್ ಸಾಯುವುದು ಮಾತ್ರ ನಿಲ್ಲಲಿಲ್ಲ.

ತಲೆಗೆ ಹೊಳೆದದ್ದು ಬೋಟಿನ ರಜೆಯಿಂದ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಮಲ್ಪೆಯೇ ಮಲಗುತ್ತದೆ, ನನ್ನ ಅಂಗಡಿಯೂ ಮಲಗುತ್ತದೆ. ಆಗ ಐದರಲ್ಲಿ ಎರಡೇ ಕಂಪ್ಯೂಟರು ಓಡುವುದು. ಹಳೆ ಬಿಲ್ಲು ತೆಗೆದು ನೋಡಿದರೆ, ಸತ್ತದ್ದೆಲ್ಲ ಸುಮ್ನೆ ಕೂತ ಮೂರರದ್ದೇ! ಜೆರಾಕ್ಸ್ ಪಕ್ಕದಲ್ಲಿ ದಿನಕ್ಕೆ ಹತ್ತು ಗಂಟೆ ಓಡುವುದಕ್ಕೆ ಜ್ವರವೂ ಬಂದಿಲ್ಲ. ಅಂದರೆ ಕೆಲಸ ಮಾಡಿ ಸಾಯುವುದಲ್ಲ, ಕೂತು ಸಾಯುವುದು.

ಒಂದು ಸೋಮವಾರ ಬೆಳಿಗ್ಗೆ ಒಂದು ಕಂಪ್ಯೂಟರು ಏಳಲಿಲ್ಲ. ಸ್ವಿಚ್ಚು ಒತ್ತಿದರೆ ಫ್ಯಾನ್ ಒಮ್ಮೆ ಕತ್ತು ಆಡಿಸಿ ನಿಲ್ಲುತ್ತಿತ್ತು. ಪಕ್ಕದ ಬ್ಯೂಟಿ ಪಾರ್ಲರಿನ ಅಕ್ಕನ ಹತ್ತಿರ ಹೇರ್ ಡ್ರೈಯರ್ ಕೇಳಿ ತಂದು, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಸಿ ಗಾಳಿ ಊದಿದೆ. ಎದ್ದು ಕೂತಿತು. ಅಕ್ಕ ಇವತ್ತಿಗೂ ಕೇಳುತ್ತಾರೆ, ಅದಕ್ಕೆ ಫೇಶಿಯಲ್ ಯಾವಾಗ ಅಂತ.

ಬಿಚ್ಚಿ ನೋಡಿದರೆ ಬೋರ್ಡಿನ ತುಂಬ ಧೂಳು, ಮುಟ್ಟಿದರೆ ಅಂಟು ಅಂಟು. ಅದು ಬರೀ ಧೂಳಲ್ಲ, ಉಪ್ಪು ಕುಡಿದ ಧೂಳು. ಬಿಸಿ ಇರುವ ತನಕ ಒಣಗಿರುತ್ತದೆ, ತಣ್ಣಗಾದರೆ ನೀರು ಎಳೆದುಕೊಂಡು ಕರೆಂಟಿಗೆ ದಾರಿ ಕೊಡುತ್ತದೆ. ಜೊತೆಗೆ ಕರೆಂಟು ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರು ಅಲುಗಾಡದಂತೆ ಕಂಪನಿಯವರು ಹಾಕುವ ಹಳದಿ ಅಂಟು. ಬಿಸಿಗೆ ಅದು ಕಂದಾಗಿ ಗಟ್ಟಿಯಾಗುತ್ತದೆ. ಆಮೇಲೆ ಅದೇ ಪಕ್ಕದ ಬಿಡಿಭಾಗಗಳ ತಂತಿ ಕಾಲುಗಳನ್ನು ತಿನ್ನುತ್ತದೆ, ಕರೆಂಟನ್ನೂ ಬಿಡುತ್ತದೆ. ನನ್ನದರಲ್ಲಿ ಒಂದು ಡಯೋಡಿನ ಕಾಲು ಹಸಿರುಗಟ್ಟಿ ಕೂದಲಿನಷ್ಟು ತೆಳುವಾಗಿತ್ತು.

ಆದರೆ ಬೆಳಿಗ್ಗೆ ಏಳದೆ ಇರುವುದಕ್ಕೆ ತೇವ ಕಾರಣವಾ, ಕಂಪ್ಯೂಟರು ಆಫ್ ಇದ್ದರೂ ಓಡುವ ಸ್ಟ್ಯಾಂಡ್‌ಬೈ ಸರ್ಕ್ಯೂಟಿನ ಚಿಕ್ಕ ಕೆಪಾಸಿಟರಾ? ಅದರ ನೇರಳೆ ವೈರಿನ 5 ವೋಲ್ಟು ಪ್ಲಗ್ ಇರುವಷ್ಟು ಹೊತ್ತೂ ಓಡುತ್ತದಲ್ವಾ, ಬಿಸಿಯ ಪಕ್ಕ ಕೂತು ಆ 22 ಮೈಕ್ರೋಫ್ಯಾರಡಿನದ್ದು ಮೊದಲು ಒಣಗುತ್ತದೆ. ಎರಡು ಎಸ್‌ಎಂಪಿಎಸ್ ತೆಗೆದುಕೊಂಡೆ. ಒಂದಕ್ಕೆ ಕೆಪಾಸಿಟರು ಮಾತ್ರ ಬದಲಿಸಿದೆ. ಇನ್ನೊಂದನ್ನು ತೊಳೆದೆ ಮಾತ್ರ. ಮೊದಲನೆಯದು ಚೆಂದ ಎದ್ದಿತು, ಆಗಸ್ಟಿನಲ್ಲಿ ಢಂ ಅಂತ ಫ್ಯೂಸ್ ಹಾರಿಸಿತು. ಗೋಡೆಯ ಕರೆಂಟು ಒಳಗೆ ಬರುವ ಪ್ರೈಮರಿ ಬದಿಯಲ್ಲಿ ಧೂಳಿನ ಮೇಲೆ ಕರಿ ಗೆರೆ ಎಳೆದ ಹಾಗೆ ಸುಟ್ಟಿತ್ತು. ಎರಡನೆಯದು ಬದುಕಿತು, ಆದರೆ ದಿನಾ ಮೂರು ಸಲ ಒತ್ತಬೇಕು. ಎರಡೂ ಬೇಕು ಅಂತಾಯಿತು.

ಈಗ ಪ್ರತಿ ವರ್ಷ ಪತ್ತನಾಜೆಯ ಹೊತ್ತಿಗೆ ಕೆಲಸ ಹಿಡಿಯುತ್ತೇನೆ. ಮೇ ಕೊನೆಗೆ ಕೋಲ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು ಮುಗಿದಿರುತ್ತದೆ, ಬಿಸಿಲೂ ಇರುತ್ತದೆ. ಬಿಚ್ಚಿದ ಕೂಡಲೇ 60 ವಾಟಿನ ಬಲ್ಬಿನ ವೈರು ಮುಟ್ಟಿಸಿ ದೊಡ್ಡ ಕೆಪಾಸಿಟರು ಖಾಲಿ ಮಾಡುವುದು ಕಡ್ಡಾಯ. 300 ವೋಲ್ಟಿಗೂ ಜಾಸ್ತಿ ಒಳಗೆ ಕೂತಿರುತ್ತದೆ. ಒಮ್ಮೆ ಮರೆತು ಮುಟ್ಟಿದ್ದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾರಿ ರಸ್ತೆಯಲ್ಲಿ ಬಿದ್ದಿತ್ತು. ಆಮೇಲೆ ಬ್ರಶ್ಶು, ತೊಳೆಯುವುದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲು. ಕಂದು ಅಂಟನ್ನು ಬಿದಿರಿನ ಕಡ್ಡಿಯಲ್ಲಿ ಕೆರೆಯುತ್ತೇನೆ, ಲೋಹ ತಾಗಿಸುವುದಿಲ್ಲ.

ಒಣಗಿಸುವುದು ಅಂಗಳದಲ್ಲಿ, ಹಲಸಿನ ಹಪ್ಪಳದ ಚಾಪೆಯ ಪಕ್ಕ. ಎರಡು ಮಧ್ಯಾಹ್ನ ಬೇಕು. ಮೊದಲ ವರ್ಷ ಅವಸರ ಮಾಡಿ ಅದೇ ಸಂಜೆ, ಹೊರಗಿನ ತೇವ ತಾಗದ ಹಾಗೆ ಪದರ ಕಟ್ಟುವ ಲ್ಯಾಕರ್ ಸ್ಪ್ರೇ ಹೊಡೆದಿದ್ದೆ. ತೇವ ಒಳಗೇ ಸಿಕ್ಕಿಬಿದ್ದು ತಿಂಗಳೊಳಗೆ ಎರಡು ಹೋಯಿತು. ಅದರ ಮೇಲೆ ಬಿಸಿ ಹೊರಗೆ ಬಿಡುವ ಹೀಟ್‌ಸಿಂಕಿಗೂ ಹೊಡೆದು ಅಂಗಡಿ ತುಂಬ ನಾತ. ಈಗ ಬೆಸುಗೆ ಬದಿಗೆ ಮಾತ್ರ, ತೆಳುವಾಗಿ ಎರಡು ಕೋಟು. ಯಾವ ಲ್ಯಾಕರು, ಎಷ್ಟು ಅಂತರ ಅಂತ ಹೇಳಲಿಕ್ಕಿಲ್ಲ. ನನಗೂ ಅಂಗಡಿ ನಡೆಯಬೇಕಲ್ಲ.

ಫ್ಯಾನಿಗೆ ತೆಂಗಿನೆಣ್ಣೆ ಬಿಟ್ಟು ನೋಡಿದ್ದೇನೆ, ನಗಬೇಡಿ. ವಾರ ಚೆಂದ ತಿರುಗಿತು, ಆಮೇಲೆ ಜಿಡ್ಡುಗಟ್ಟಿತು. ಹೊಲಿಗೆ ಮೆಶಿನಿನ ಎಣ್ಣೆ ಒಂದು ಹನಿ ಸಾಕು, ಆರು ತಿಂಗಳು ಬರುತ್ತದೆ. ಹಲ್ಲಿ ಹೋಗಿ ಮೊಟ್ಟೆ ಇಡುತ್ತದೆ ಅಂತ ಹಿಂದೆ ಸೊಳ್ಳೆ ಜಾಲರಿ ಕಟ್ಟಿದ್ದೂ ಉಂಟು. ಎರಡು ತಿಂಗಳಿಗೆ ಜಾಲರಿಯಲ್ಲಿ ಧೂಳು ಕಟ್ಟಿ, ಗಾಳಿ ನಿಂತು, ಔಟ್‌ಪುಟ್ ಕೆಪಾಸಿಟರುಗಳ ತಲೆ ಉಬ್ಬಿತು. 12 ವೋಲ್ಟು 11.2ಕ್ಕೆ ಇಳಿದಿತ್ತು. ಕಿತ್ತು ಬಿಸಾಡಿದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೂ ನಮ್ಮ ಆಟಿ ತಿಂಗಳ ಮಳೆಯ ಎದುರು ಎರಡು ದಿನ ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ಸುಮ್ನೆ ಕೂತ ಮೂರರ ಚಿಂತೆ ಇದ್ದೇ ಇತ್ತು. ಸಿಡಿಲಿಗೆ ಹೆದರಿ ರಾತ್ರಿ ಎಲ್ಲದರ ಪ್ಲಗ್ ಕೀಳುತ್ತೇವಲ್ಲ, ಸ್ಟ್ಯಾಂಡ್‌ಬೈಯ ಆ ಸಣ್ಣ ಬಿಸಿಯೂ ಹೋಗುತ್ತದೆ. ದಾರಿ ತೋರಿಸಿದ್ದು ಒಬ್ಬರು ಹಳೆ ಸ್ಟುಡಿಯೋದವರು. ಲೆನ್ಸಿಗೆ ಬೂಷ್ಟು ಹಿಡಿಯಬಾರದು ಅಂತ ಅವರ ಕಪಾಟಿನಲ್ಲಿ ಮಳೆಗಾಲ ಪೂರ್ತಿ ಬಲ್ಬು ಉರಿಯುತ್ತದೆ. ನಾನೂ ಟೇಬಲ್ಲಿನ ಸಿಪಿಯು ಗೂಡಿನೊಳಗೆ ಹೋಲ್ಡರ್ ಹಾಕಿದೆ. ಮೊದಲು 60 ವಾಟು ಹಾಕಿ ಸನ್‌ಮೈಕ ಎದ್ದು ಬಂತು. ಈಗ 15 ವಾಟಿನ ಝೀರೋ ಬಲ್ಬು, ಮರಕ್ಕೆ ಗೇಣು ದೂರದಲ್ಲಿ. ರಾತ್ರಿ ಬಾಗಿಲು ಹಾಕಿ ಬಲ್ಬು, ಹಗಲು ಬಾಗಿಲು ತೆರೆದು ಕಂಪ್ಯೂಟರು. ಹೆಂಡತಿ ನೋಡಿ ಹೇಳಿದಳು, "ನನ್ನ ಬಾಣಂತನಕ್ಕೆ ಇಷ್ಟು ಕಾಳಜಿ ಇರಲಿಲ್ಲ ನಿಮಗೆ."

ಲೆಕ್ಕ ಹೇಳುತ್ತೇನೆ. ರಾತ್ರಿ 12 ಗಂಟೆ, ಐದು ಬಲ್ಬು, ತಿಂಗಳಿಗೆ 27 ಯೂನಿಟು. ಯೂನಿಟಿಗೆ ಎಂಟು ರೂಪಾಯಿ ಹಿಡಿದರೂ 220 ರೂಪಾಯಿಯೊಳಗೆ. ಲ್ಯಾಕರು, ಐಸೊಪ್ರೊಪೈಲ್, ಕೆಪಾಸಿಟರು ಎಲ್ಲ ಸೇರಿ ವರ್ಷಕ್ಕೆ ಸಾವಿರ ದಾಟಿದ್ದು ನೆನಪಿಲ್ಲ. ನಾಲ್ಕು ತಿಂಗಳ ಬಲ್ಬು ಸೇರಿಸಿದರೂ ಎರಡು ಸಾವಿರದ ಒಳಗೆ. ಮೊದಲು ನಾಲ್ಕು ಸಾವಿರದ ಹತ್ತಿರ ಎಸ್‌ಎಂಪಿಎಸ್ಸಿಗೇ ಹೋಗುತ್ತಿತ್ತು.

ಹೋದ ವರ್ಷ ಆ ಸರ್ವಿಸ್ ಹುಡುಗನೇ ಬಂದು ಗೂಡಿನೊಳಗೆ ಬಗ್ಗಿ ನೋಡಿ ಫೋಟೋ ಹೊಡೆದುಕೊಂಡು ಹೋದ. ಮರುದಿನ ಫೋನು: "ಅಣ್ಣ, ಝೀರೋ ಬಲ್ಬು ಹಾಕಿದೆ, ಬಿಸಿಯೇ ಆಗುವುದಿಲ್ಲ." ಆಗುವುದು ಹೇಗೆ, ಅವನು ತಂದದ್ದು ಎಲ್‌ಇಡಿ. ಈಗ ಅಂಗಡಿಗಳಲ್ಲಿ ಕೇಳಿದರೆ ಅದನ್ನೇ ಕೊಡುತ್ತಾರೆ. ತಂತಿ ಇರುವ ಹಳೆ ಬಲ್ಬು ನಾನು ಒಂದು ಪೆಟ್ಟಿಗೆ ತಂದಿಟ್ಟಿದ್ದೆ, ಇನ್ನು ಹನ್ನೊಂದು ಉಂಟು. ಅವನಿಗೆ ಎರಡು ಕೊಟ್ಟಿದ್ದೇನೆ. ಎಲ್ಲಿ ಸಿಗುತ್ತದೆ ಅಂತ ಹೇಳಿಲ್ಲ.