‘ನೊಬೆಲ್‌ಗೆ ನಾಮನಿರ್ದೇಶನ’ ಅಂತ ಸುದ್ದಿ ಬಂದರೆ ನಿಜವೋ ಸುಳ್ಳೋ ನೋಡುವುದು ಹೇಗೆ?

ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬರುತ್ತದೆ. ಇಂಥವರು ಈ ವರ್ಷದ ನೊಬೆಲ್‌ಗೆ ನಾಮನಿರ್ದೇಶನಗೊಂಡಿದ್ದಾರೆ, ಹೆಮ್ಮೆಯಿಂದ ಹಂಚಿಕೊಳ್ಳಿ. ಕೆಳಗೆ ಸಾಲು ಸಾಲು ಕೈಮುಗಿದ ಇಮೋಜಿ. ಸುಮ್ನೆ ಮುಂದಕ್ಕೆ ತಳ್ಳುವ ಮೊದಲು ಐದು ನಿಮಿಷ ಕೊಡಿ.

ಮೊದಲು ನೋಡಬೇಕಾದದ್ದು, ಇದನ್ನು ಹೇಳಿದ್ದು ಯಾರು ಅಂತ. ನೊಬೆಲ್ ಸಮಿತಿಯಂತೂ ಹೇಳಿರುವುದಿಲ್ಲ. ಯಾರ ಹೆಸರನ್ನು ಯಾರು ಸೂಚಿಸಿದರು ಎಂಬುದು 50 ವರ್ಷ ಗುಟ್ಟಾಗಿರಬೇಕು ಎಂಬ ನಿಯಮವಿದೆ. ‘ಸಮಿತಿಯಿಂದ ಪಟ್ಟಿ ಬಿಡುಗಡೆ’ ಅಂತ ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಸೂಚಿಸಿದವರೇ ಬಾಯಿಬಿಟ್ಟಿದ್ದರೆ ಮುಂದಿನದನ್ನು ನೋಡಬಹುದು.

ಆಮೇಲೆ, ಯಾವ ಪ್ರಶಸ್ತಿ? ವಿಜ್ಞಾನದ ಪ್ರಶಸ್ತಿಗಳಿಗೆ ಆಹ್ವಾನ ಬಂದವರು ಮಾತ್ರ ಹೆಸರು ಸೂಚಿಸಬಹುದು. ಸಾಹಿತ್ಯಕ್ಕೆ ಭಾಷೆ, ಸಾಹಿತ್ಯದ ಪ್ರಾಧ್ಯಾಪಕರು, ಹಿಂದೆ ಗೆದ್ದವರು, ಲೇಖಕರ ಸಂಘಗಳ ಅಧ್ಯಕ್ಷರು ಇತ್ಯಾದಿ. ಓಸ್ಲೋದಲ್ಲಿ ಕೊಡುವ ಶಾಂತಿ ಪ್ರಶಸ್ತಿಯ ಬಾಗಿಲು ಮಾತ್ರ ಬಲು ಅಗಲ. ಯಾವ ದೇಶದ ಸಂಸದರೂ, ಸಚಿವರೂ, ಇತಿಹಾಸ ಅಥವಾ ಕಾನೂನು ಕಲಿಸುವ ಪ್ರಾಧ್ಯಾಪಕರೂ ಹೆಸರು ಕಳಿಸಬಹುದು. 2025ರಲ್ಲಿ ಅಲ್ಲಿ 338 ಹೆಸರುಗಳಿದ್ದವು. 1939ರಲ್ಲಿ ಸ್ವೀಡನ್‌ನ ಒಬ್ಬ ಸಂಸದ ವ್ಯಂಗ್ಯಕ್ಕೆಂದು ಹಿಟ್ಲರ್‌ನ ಹೆಸರು ಕಳಿಸಿ, ಗಲಾಟೆಯಾದ ಮೇಲೆ ವಾಪಸ್ ಪಡೆದ! ಇಷ್ಟರ ಮೇಲೂ ನಾಮನಿರ್ದೇಶನವನ್ನೇ ದೊಡ್ಡ ಗೌರವ ಅನ್ನುವುದು ಜಾಸ್ತಿಯಾಯಿತು, ಅಲ್ವಾ? ಇನ್ನು ತನ್ನ ಹೆಸರನ್ನು ತಾನೇ ಕಳಿಸಿಕೊಂಡರೆ ಅದು ಲೆಕ್ಕಕ್ಕೇ ಇಲ್ಲ.

ತಾರೀಖನ್ನೂ ನೋಡಿ. ಗಡುವು ಜನವರಿ 31. ಆಗಸ್ಟ್‌ನಲ್ಲಿ ಶಾಂತಿ ಪ್ರಶಸ್ತಿಗೆ ಹೆಸರು ಕಳಿಸಿದರೆ ಅದು ಸಾಮಾನ್ಯವಾಗಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಹಳೆಯ ಕಾಲದವರ ಹೆಸರಾದರೆ ಕೆಲಸ ಸುಲಭ. ನೊಬೆಲ್‌ನ ಅಧಿಕೃತ ಜಾಲತಾಣದಲ್ಲಿ ನಾಮನಿರ್ದೇಶನಗಳ ದಾಖಲೆ ಇದೆ. ಹೆಸರು ಟೈಪ್ ಮಾಡಿದರೆ ವರ್ಷ, ವಿಭಾಗ, ಸೂಚಿಸಿದವರು ಯಾರು ಎಲ್ಲ ಸಿಗುತ್ತದೆ. ರಾಮನ್ ಅಂತ ಹುಡುಕಿ. ಅವರು ಬೆಂಗಳೂರಿಗೆ ಬರುವ ಮೂರು ವರ್ಷ ಮೊದಲು, 1930ರಲ್ಲಿ, ಅವರ ಹೆಸರು ಸೂಚಿಸಿದವರಲ್ಲಿ ಹೆಸರಾಂತ ಭೌತವಿಜ್ಞಾನಿಗಳಾದ ರುದರ್‌ಫರ್ಡ್ ಇದ್ದಾರೆ, ಬೋರ್ ಇದ್ದಾರೆ. ಟ್ಯಾಗೋರರ ಹೆಸರನ್ನು 1913ರಲ್ಲಿ ಸೂಚಿಸಿದ್ದು ಒಬ್ಬರೇ, ಇಂಗ್ಲಿಷ್ ಕವಿ ಥಾಮಸ್ ಸ್ಟರ್ಜ್ ಮೂರ್. ಅದೊಂದೇ ಸಾಕಾಯಿತು.

ಗಾಂಧೀಜಿ ಅಂತ ಹುಡುಕಿದರೆ ಐದು ವರ್ಷಗಳು ಕಾಣುತ್ತವೆ: 1937, 1938, 1939, 1947, 1948. ಕೊನೆಯ ವರ್ಷ ಅವರ ಹತ್ಯೆಯಾದಾಗ ಗಡುವು ಮುಗಿಯಲು ಎರಡೇ ದಿನ ಬಾಕಿ ಇತ್ತು. ಬದುಕಿರುವವರಲ್ಲಿ ತಕ್ಕವರು ಯಾರೂ ಇಲ್ಲ ಎಂದು ಸಮಿತಿ ಆ ವರ್ಷ ಶಾಂತಿ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ.