ನಿಕಲ್ ನ್ಯಾನೊತಂತಿಗಳು: ತೂತು ಅಗಲ ಮಾಡಿ ಕೆಟ್ಟ ನನ್ನ ಮೊದಲ ಸ್ಯಾಂಪಲ್

ಎರಡು ಹಿಸ್ಟರಿಸಿಸ್ ಲೂಪ್‌ಗಳು, ಅಂದರೆ ಕಾಂತಕ್ಷೇತ್ರ ಏರಿಸಿ ಇಳಿಸಿದಾಗ ಸ್ಯಾಂಪಲ್ ಎಷ್ಟು ಕಾಂತವಾಗುತ್ತೆ ಅಂತ ತೋರಿಸುವ ಗೆರೆಗಳು, ಹೆಚ್ಚುಕಮ್ಮಿ ಒಂದರ ಮೇಲೊಂದು ಕೂತಿದ್ದವು. ಒಂದು, ತಂತಿಗಳ ಉದ್ದಕ್ಕೆ ಕಾಂತಕ್ಷೇತ್ರ ಕೊಟ್ಟು ಅಳೆದದ್ದು. ಇನ್ನೊಂದು ಅಡ್ಡಕ್ಕೆ. ಸ್ಯಾಂಪಲ್ ತೆಗೆದು ಸರಿಯಾಗಿ ಕೂರಿಸಿ ಮತ್ತೆ ಅಳೆದೆ. ಅದೇ ಬಂತು. 60 ನ್ಯಾನೊಮೀಟರ್ ದಪ್ಪದ, ಹಲವು ಮೈಕ್ರಾನ್ ಉದ್ದದ ನಿಕಲ್ ತಂತಿ ಉದ್ದಕ್ಕೇ ಸುಲಭವಾಗಿ ಕಾಂತವಾಗಬೇಕು, ಎರಡು ಲೂಪ್‌ಗಳು ಬೇರೆ ಬೇರೆ ಕಾಣಬೇಕು, ಅಲ್ವಾ?

ತಂತಿ ಬೆಳೆಸೋಕೆ ನಾನು ಬಳಸಿದ ಅಚ್ಚು ಅಲ್ಯುಮಿನಾ ಪೊರೆ. ಶುದ್ಧ ಅಲ್ಯುಮಿನಿಯಂ ಹಾಳೆಯನ್ನು ಕನ್ನಡಿಯಂತೆ ಪಾಲಿಶ್ ಮಾಡಿ, 0.3 ಮೋಲಾರ್ ಆಕ್ಸಾಲಿಕ್ ಆಮ್ಲದಲ್ಲಿಟ್ಟು 40 ವೋಲ್ಟ್ ಕೊಟ್ಟೆ. ಆಗ ಹಾಳೆಯ ಮೇಲೆ ತೂತುತೂತಾದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪದರ ಬೆಳೆಯುತ್ತೆ. ಮೊದಲ ಸಲ ಮೇಲ್ಮೈಯ ತೂತುಗಳು ಅಡ್ಡಾದಿಡ್ಡಿ ಇರುತ್ತವೆ. ಆ ಪದರವನ್ನು ಕ್ರೋಮಿಕ್ ಮತ್ತು ಫಾಸ್ಫಾರಿಕ್ ಆಮ್ಲದ ಮಿಶ್ರಣದಲ್ಲಿ ಪೂರ್ತಿ ಕರಗಿಸಿದರೆ ಅಲ್ಯುಮಿನಿಯಂ ಮೇಲೆ ಸಣ್ಣ ಸಣ್ಣ ಗುಳಿಗಳು ಉಳಿಯುತ್ತವೆ. ಎರಡನೇ ಸಲ ತೂತುಗಳು ಆ ಗುಳಿಗಳಲ್ಲೇ ಶುರುವಾಗಿ ಜೇನುಗೂಡಿನಂತೆ ಸಾಲಾಗಿ ಇಳಿಯುತ್ತವೆ. ಜಪಾನಿನ ಹಿಡೆಕಿ ಮಸುದಾ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ಈ ಎರಡು ಹಂತದ ದಾರಿ ನನಗೆ ಇವತ್ತಿಗೂ ಬೆರಗು. ತೂತುಗಳ ನಡುವಿನ ದೂರ ವೋಲ್ಟೇಜ್‌ಗೆ ತಕ್ಕಂತೆ ಬರುತ್ತೆ. 40 ವೋಲ್ಟ್‌ಗೆ ಸುಮಾರು 100 ನ್ಯಾನೊಮೀಟರ್.

ಎಡವಿದ್ದು ಇದಾದ ಮೇಲೆ. ತೂತು ದೊಡ್ಡದಾದರೆ ನಿಕಲ್ ಸಲೀಸಾಗಿ ತುಂಬುತ್ತೆ ಅಂತ ಪೊರೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಜಾಸ್ತಿ ಹೊತ್ತು ಬಿಟ್ಟೆ. 35 ನ್ಯಾನೊಮೀಟರ್ ಇದ್ದ ತೂತಿನ ವ್ಯಾಸ 60 ಆಯಿತು. ಒಂದು ಮುಖಕ್ಕೆ ಚಿನ್ನ ಲೇಪಿಸಿ, ನಿಕಲ್ ಸಲ್ಫೇಟ್, ನಿಕಲ್ ಕ್ಲೋರೈಡ್, ಬೋರಿಕ್ ಆಮ್ಲದ ದ್ರಾವಣದಲ್ಲಿ ಕರೆಂಟ್ ಹಾಯಿಸಿ ತಂತಿ ಬೆಳೆಸಿದೆ. ತುಂಬಿದ್ದಂತೂ ಚೆನ್ನಾಗಿಯೇ ತುಂಬಿತು.

ಲೂಪ್‌ಗಳು ಹೀಗೇಕೆ ಬಂದವು ಅಂತ ಮೊದಲು ನಿಕಲ್‌ನ ಹರಳಿನ ರಚನೆಯ ಮೇಲೆ ಅನುಮಾನಪಟ್ಟೆ. ಆದರೆ ನಿಕಲ್‌ನಲ್ಲಿ ಹರಳಿನ ಪ್ರಭಾವ ಕಡಿಮೆ, ಆಕಾರದ್ದೇ ಮೇಲುಗೈ. ಕೊನೆಗೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂಟಿ ನಿಕಲ್ ತಂತಿಯನ್ನು ಉದ್ದಕ್ಕೆ ಎಳೆದು ಹಿಡಿಯುವ ಆಕಾರದ ಕ್ಷೇತ್ರ ಸುಮಾರು 3,000 ಅರ್ಸ್ಟೆಡ್ (ಕಾಂತಕ್ಷೇತ್ರದ ಅಳತೆಯ ಮಾನ). ಗುಂಪಿನಲ್ಲಿ ಅಕ್ಕಪಕ್ಕದ ತಂತಿಗಳು ಇದನ್ನು ಕುಗ್ಗಿಸುತ್ತವೆ. ಪೊರೆಯಲ್ಲಿ ತಂತಿಗಳು ತುಂಬಿದ ಪಾಲನ್ನು ಮೂರರಿಂದ ಗುಣಿಸಿ ಒಂದರಿಂದ ಕಳೆಯಿರಿ, ಉಳಿದಷ್ಟು ಭಾಗವೇ ಕೈಗೆ ಸಿಗೋದು. 60ರ ವ್ಯಾಸಕ್ಕೆ ಆ ಪಾಲು ಸುಮಾರು ಶೇ 33. ಅಂದರೆ ಉಳಿದದ್ದು ಹತ್ತಿರ ಹತ್ತಿರ ಸೊನ್ನೆ! 35ಕ್ಕೆ ಬರೀ ಶೇ 11, ಹಾಗಾಗಿ ಮೂರರಲ್ಲಿ ಎರಡು ಭಾಗ ಉಳಿಯುತ್ತೆ. ಉಪಕರಣ ಸರಿಯಾಗಿಯೇ ಅಳೆದಿತ್ತು.

ಎರಡನೇ ಸ್ಯಾಂಪಲ್‌ಗೆ ಪೊರೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಮುಳುಗಿಸಲಿಲ್ಲ, ಮೇಲೆ ತೇಲಿಬಿಟ್ಟೆ. ತೂತುಗಳ ತಳವನ್ನು ಮುಚ್ಚಿರುವ ತಡೆಪದರ ಮಾತ್ರ ಕರಗಬೇಕು. ತೂತು ತೆರೆದ ಕೂಡಲೇ ಆಮ್ಲ ಒಳಗೆ ನುಗ್ಗುತ್ತೆ, ಅದಕ್ಕೇ ಗಡಿಯಾರ ಬಿಟ್ಟು ಕಣ್ಣು ಆಚೀಚೆ ಹೋಗಬಾರದು. ಸಣ್ಣ ತೂತಿನಲ್ಲಿ ಗಾಳಿ ಸಿಕ್ಕಿಕೊಂಡರೆ ತಂತಿಯೇ ಬೆಳೆಯಲ್ಲ. ಪೊರೆಯನ್ನು ನೀರಲ್ಲಿಟ್ಟು ವ್ಯಾಕ್ಯೂಮ್‌ನಿಂದ ಗಾಳಿ ಎಳೆಸಿದೆ. ಆಮೇಲೆ ಕರೆಂಟ್ ನೋಡುತ್ತಾ ಕೂತೆ. ಮೊದಲು ಸರ್ರನೆ ಇಳಿಯಿತು, ಬಹಳ ಹೊತ್ತು ಸಮನಾಗಿ ಹೋಯಿತು, ಮತ್ತೆ ಮೆಲ್ಲಗೆ ಏರತೊಡಗಿತು. ತಂತಿಗಳು ಬಾಯಿ ಮುಟ್ಟುತ್ತಿವೆ ಅಂತ ಅರ್ಥ. ತಕ್ಷಣ ನಿಲ್ಲಿಸಿದೆ. ಬಿಟ್ಟಿದ್ದರೆ ಮೇಲೆಲ್ಲ ನಿಕಲ್ ಹರಡಿ, ಆ ಹಾಳೆಯ ಕಾಂತಗುಣವೂ ಅಳತೆಯಲ್ಲಿ ಸೇರಿಬಿಡುತ್ತಿತ್ತು.

ಈ ಸಲ ಉದ್ದದ ಲೂಪ್ ಅಗಲವಾಗಿ, ನೆಟ್ಟಗೆ ನಿಂತಿತು. ಅಡ್ಡದ್ದು ತೆಳ್ಳಗೆ ವಾಲಿಕೊಂಡಿತ್ತು. ಎರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ.