ಉಪ್ಪುನೀರಿನ ಅಕ್ವೇರಿಯಂನಲ್ಲಿ ತುಕ್ಕು ಕಂಡರೆ

ಮೊದಲು ಎಲ್ಲ ಪ್ಲಗ್ ಕೀಳಿ, ಆಮೇಲೆ ನೀರಿಗೆ ಕೈ ಹಾಕಿ. ಪಂಪಿನ ಇಂಪೆಲ್ಲರ್ (ನೀರು ತಳ್ಳುವ, ಅಯಸ್ಕಾಂತವಿರುವ ತಿರುಗು ಚಕ್ರ) ಬಿಚ್ಚಿ ನೋಡಿ: ಅಯಸ್ಕಾಂತದ ಹೊದಿಕೆ ಬಿರಿದು ಉಬ್ಬಿದ್ದರೆ ಅಂಟು ಹಚ್ಚಿ ಉಳಿಸಲು ಹೋಗಬೇಡಿ, ಇಂಪೆಲ್ಲರನ್ನೇ ಬದಲಿಸಿ. ಬಿಳಿ ಗಟ್ಟಿ ಪದರ ತುಕ್ಕಲ್ಲ, ಸುಣ್ಣ. ಬಿಳಿ ವಿನೆಗರ್, ನೀರು ಸಮಪಾಲು ಬೆರೆಸಿ ಒಂದು ತಾಸು ನೆನೆಸಿದರೆ ಬಿಡುತ್ತದೆ.

ಹಸಿರು ಕಿಲುಬು ಕಂಡರೆ ಮಾತ್ರ ತಡಮಾಡಬೇಡಿ. ಅದು ತಾಮ್ರದ ಗುರುತು, ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಆ ಭಾಗ ತೆಗೆದು, 25% ನೀರು ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಇಡಿ.

ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ನೀರು ಬೇಗ ಆರಿ ಉಪ್ಪು ಹೆಚ್ಚುತ್ತದೆ. ದಿನಾ ತೊಟ್ಟಿಯ ನೀರಿನ ಮಟ್ಟದ ಗುರುತಿನವರೆಗೆ ಆರ್‌ಒ ನೀರು ತುಂಬಿ (ಬೋರ್ ನೀರು ಬೇಡವೇ ಬೇಡ), ಸಾಪೇಕ್ಷ ಸಾಂದ್ರತೆ (ನೀರಿನ ಉಪ್ಪಿನ ಅಳತೆ) 1.025ರ ಆಸುಪಾಸಿನಲ್ಲಿರಲಿ. ವಯರನ್ನು ಪ್ಲಗ್‌ಗಿಂತ ಕೆಳಗೆ ಜೋತುಬಿಡಿ. ಇಳಿದ ಉಪ್ಪುನೀರು ಪ್ಲಗ್‌ಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.